ಮಗುವಿನ ಕಿರುಚಾಟದಲ್ಲಿ ಅಡಗಿರುವ ಬೇಡಿಕೆ

ಪ್ರಶ್ನೆ: ಗೋವಾದ ಮ್ಹಾಪಸಾದ ಕನ್ನಡ ಮನೆಗಳ ಕೆಲವು ಮಕ್ಕಳು ಶಾಲೆಗೆ ಸೇರಿದ ಮೇಲೆ ಮಾತು ಕಡಿಮೆ ಮಾಡಿ, ಬೇಕಾದ್ದನ್ನು ಕಿರುಚಿ ಕೇಳುವುದೇಕೆ?

ಉತ್ತರ: ಮನೆಯಲ್ಲಿ ಕನ್ನಡ, ಶುಕ್ರವಾರದ ಸಂತೆಯಲ್ಲಿ ಕೊಂಕಣಿ, ತರಗತಿಯಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್ ಕೇಳುವ ಮಗು ಹೊಸ ಭಾಷೆಯನ್ನು ಆಡುವ ಮೊದಲು ಕೆಲಕಾಲ ಬರಿದೆ ಆಲಿಸುವುದುಂಟು, ‘ಮೌನದ ಅವಧಿ’ ಎಂದು ಕರೆಯಲಾಗುವ ಈ ಹಂತ ರೋಗವಲ್ಲ, ಇದಕ್ಕೆ ಹೆದರಿ ಮನೆಯಲ್ಲಿ ಕನ್ನಡವನ್ನು ಕೈಬಿಡುವುದಂತೂ ಸರಿಯಲ್ಲ. ಇನ್ನು ಕಿರುಚಾಟದ ವಿಚಾರ. ಬೆಳವಣಿಗೆಯ ತೊಂದರೆಯಿದ್ದ ಮಕ್ಕಳನ್ನು ಕುರಿತು ಮನೋವಿಜ್ಞಾನಿಗಳಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಾಂಡ್ 1985ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಥ ವರ್ತನೆಯು ಗಮನ ಸೆಳೆಯಲು ಅಥವಾ ಕಷ್ಟದ ಕೆಲಸದಿಂದ ಪಾರಾಗಲು ನೆರವಾಗುತ್ತಿರಬಹುದೆಂದೂ, ಅದೇ ಫಲ ಕೊಡುವ ಮಾತನ್ನು ಕಲಿಸಿದರೆ ವರ್ತನೆ ತಗ್ಗುತ್ತದೆಂದೂ ತೋರಿಸಿತು. ಈ ತತ್ತ್ವ ಎಲ್ಲ ಮನೆಗಳಿಗೂ ಉಪಯುಕ್ತ. ಶಾಲೆಯಿಂದ ಬಂದು ಬೂಟು ಬಿಚ್ಚುವ ಮೊದಲೇ ಅಡುಗೆಮನೆಗೆ ನುಗ್ಗಿ ಸೆರಗು ಜಗ್ಗುತ್ತಾ ಅರಚುವ ಮಗುವನ್ನು ಗದರಿಸದೆ, ತಾಯಿ ಅದರ ಎತ್ತರಕ್ಕೆ ಕುಳಿತು ‘ಅಮ್ಮಾ, ನೀರು ಕೊಡು’ ಎಂದು ಹೇಳಿಕೊಟ್ಟು, ಮಗು ‘ನೀ’ ಎಂದಷ್ಟೇ ತೊದಲಿದರೂ ಲೋಟವನ್ನು ಕೂಡಲೇ ಕೈಗಿಡಬೇಕು. ಹಿಂದಿನಿಂದ ಕರೆದಾಗ ಮಗು ತಿರುಗಿ ನೋಡದಿದ್ದರೆ, ಇಲ್ಲವೇ ಮೊದಲಿದ್ದ ಕನ್ನಡದ ಮಾತೂ ಕಳೆದುಹೋಗುತ್ತಿದ್ದರೆ, ಕಾಯುತ್ತ ಕೂರದೆ ಮಕ್ಕಳ ವೈದ್ಯರ ಬಳಿ ಶ್ರವಣ ಪರೀಕ್ಷೆಯ ಬಗ್ಗೆ ವಿಚಾರಿಸಬೇಕು.