ಎದೆಯ ಮರ್ಮರ ಮತ್ತು ಮನೆಯವರ ಕರ್ತವ್ಯ



ಕೊಳೆರೋಗ, ಕಾಂಡಕೊರಕ, ಗೊಬ್ಬರದ ಧಾರಣೆ, ಸಾಲದ ಕಂತು: ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಇವುಗಳದೇ ಮಾತು. ಈ ಸಲ ತೋಟದಿಂದ ಮನೆಯೊಳಕ್ಕೆ ಬಂದು ಆರೋಗ್ಯದ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವುಂಟು. ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಆಗಾಗ ಯಾರಾದರೊಬ್ಬರು, "ನಮ್ಮ ಮನೆಯವಳ ಹಾರ್ಟಿನಲ್ಲಿ ಏನೋ ಶಬ್ದ ಕೇಳುತ್ತದಂತೆ, ಡಾಕ್ಟರು ಮರ್ಮರ್ ಅಂದರು" ಎಂದು ಹೇಳಿ ಸುಮ್ಮನಾಗುತ್ತಾರೆ. ಮುಂದೇನು ಮಾಡಿದಿರಿ ಎಂದು ಕೇಳಿದರೆ, "ಕೊಯ್ಲು ಮುಗಿಯಲಿ, ಆಮೇಲೆ ನೋಡುವ" ಎಂಬ ಉತ್ತರ. ಇನ್ನು ಕೆಲವು ಮನೆಗಳಲ್ಲಿ ಆ ಮಾತು ಕಿವಿಗೆ ಬಿದ್ದ ದಿನದಿಂದಲೇ ಆಕೆಯನ್ನು ಯಾವ ಕೆಲಸಕ್ಕೂ ಬಿಡದೆ ಮೂಲೆಯಲ್ಲಿ ಕೂರಿಸುತ್ತಾರೆ. ಇವೆರಡೂ ಸರಿಯಲ್ಲ. ಮರ್ಮರವೆಂಬುದು ಒಂದು ಸುಳಿವೇ ಹೊರತು ರೋಗದ ಹೆಸರಲ್ಲ. ಆ ಸುಳಿವಿನ ಮೂಲ ತಿಳಿಯುವವರೆಗೆ ಜೊತೆಗೆ ನಡೆಯುವುದೇ ಗಂಡನಾದವನ ಅಥವಾ ಹೆಂಡತಿಯಾದವಳ ಮೊದಲ ಕರ್ತವ್ಯ.

ಶಬ್ದ ಎಲ್ಲಿಂದ ಬರುತ್ತದೆ?

ಹೃದಯವೂ ನಮ್ಮ ಪಂಪ್‌ಸೆಟ್ಟಿನಂತೆ ಒಂದು ಪಂಪು. ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುವ ಅದು, ನಾವು ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಅದರಲ್ಲಿ 4 ಕೋಣೆಗಳೂ 4 ಕವಾಟಗಳೂ, ಅಂದರೆ ವಾಲ್ವ್‌ಗಳೂ ಇವೆ. ರಕ್ತ ಮುಂದಕ್ಕೆ ಹೋಗುವಾಗ ತೆರೆದುಕೊಂಡು, ಹಿಂದಕ್ಕೆ ಬಾರದಂತೆ ಮುಚ್ಚಿಕೊಳ್ಳುವುದು ಈ ಕವಾಟಗಳ ಕೆಲಸ. ಅವು ಮುಚ್ಚಿಕೊಳ್ಳುವಾಗಿನ ಸದ್ದೇ ವೈದ್ಯರು ಕೇಳುವ ಲಬ್-ಡಬ್. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಎಂಬಾತ ಕಾಗದದ ಸುರುಳಿಯನ್ನು ರೋಗಿಯ ಎದೆಗೆ ಹಿಡಿದು ಈ ಸದ್ದನ್ನು ಸ್ಪಷ್ಟವಾಗಿ ಕೇಳಿದನು. ಇಂದಿನ ಸ್ಟೆತಾಸ್ಕೋಪಿನ ಮೂಲ ಅದೇ.

ಈ ಸದ್ದುಗಳ ನಡುವೆ ಗಾಳಿ ಊದಿದಂತಹ ಇನ್ನೊಂದು ಸದ್ದು ಕೇಳಿಸಿದರೆ ಅದು ಮರ್ಮರ. ಬಾವಿಯೊಳಗಿನ ಫುಟ್‌ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಎತ್ತಿದ ನೀರು ಹಿಂದಕ್ಕೆ ಸೋರುತ್ತದೆ. ಗೇಟ್‌ವಾಲ್ವ್ ಪೂರ್ತಿ ತೆರೆಯದಿದ್ದರೆ ನೀರು ಇಕ್ಕಟ್ಟಿನಲ್ಲಿ ಸುಯ್ಯೆಂದು ನುಗ್ಗುತ್ತದೆ, ಸ್ಪ್ರಿಂಕ್ಲರಿಗೆ ಒತ್ತಡ ಸಾಲದೆ ಹೋಗುತ್ತದೆ. ಹೃದಯದ ಕವಾಟಕ್ಕೂ ಮುಖ್ಯವಾಗಿ ಇವೇ ಎರಡು ತೊಂದರೆಗಳು: ಸೋರುವುದು, ಇಲ್ಲವೆ ಕಿರಿದಾಗುವುದು.

ಆದರೆ ಎಲ್ಲ ಮರ್ಮರಕ್ಕೂ ಕವಾಟದ ದೋಷವೇ ಕಾರಣವಲ್ಲ. ಜ್ವರ ಬಂದಾಗ, ಗರ್ಭಿಣಿಯಾಗಿದ್ದಾಗ, ರಕ್ತಹೀನತೆ ಇದ್ದಾಗ, ಥೈರಾಯ್ಡ್ ಗ್ರಂಥಿಯ ಕೆಲಸ ಅತಿಯಾದಾಗ ರಕ್ತ ವೇಗವಾಗಿ ಹರಿದು ಸದ್ದು ಮಾಡುವುದುಂಟು. ಆರೋಗ್ಯವಾಗಿರುವ ಮಕ್ಕಳಲ್ಲಿಯೂ ಇದು ಕೇಳಿಸುತ್ತದೆ. ಇವುಗಳಲ್ಲಿ ಹೃದಯದ ರಚನೆಗೆ ಯಾವ ಕೊರತೆಯೂ ಇರಬೇಕಾಗಿಲ್ಲ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಸಾಮಾನ್ಯ. ಅದಕ್ಕೆ ಕಾರಣ ಹುಡುಕಿ ಚಿಕಿತ್ಸೆ ಮಾಡಿದ ಮೇಲೆ ಮರ್ಮರವೇ ಇಲ್ಲವಾಗಬಹುದು. ಇನ್ನೊಂದು ಮಾತು: ಸದ್ದು ದೊಡ್ಡದಾದರೆ ರೋಗವೂ ದೊಡ್ಡದೆಂದು ತಿಳಿಯಬೇಕಾಗಿಲ್ಲ. ಪೈಪಿನ ಸಣ್ಣ ತೂತು ಹೆಚ್ಚು ಸದ್ದು ಮಾಡುವಂತೆ, ಹೃದಯದ ಗೋಡೆಯಲ್ಲಿನ ಸಣ್ಣ ರಂಧ್ರವೂ ಜೋರಾದ ಮರ್ಮರ ಕೊಡುತ್ತದೆ. ಮೆಲ್ಲನೆಯ ಸದ್ದಿನ ಹಿಂದೆ ಗಂಭೀರ ದೋಷ ಅಡಗಿರುವುದೂ ಉಂಟು. ಆದ್ದರಿಂದ ಊಹೆಯ ಮೇಲೆ ಹೆದರುವುದೂ ತಪ್ಪು, ಧೈರ್ಯ ತಾಳುವುದೂ ತಪ್ಪು.

ನಮ್ಮ ದೇಶದಲ್ಲಿ ಕವಾಟ ಕೆಡುವುದಕ್ಕೆ ಒಂದು ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಬಾಲ್ಯದಲ್ಲಿ ಒಂದು ಬಗೆಯ ಗಂಟಲು ಸೋಂಕಿನ ಹಿಂದೆಯೇ ಬರುವ ಈ ಜ್ವರ ಕೀಲುಗಳನ್ನು ನೋಯಿಸಿ ಹೋದರೂ ಕವಾಟದಲ್ಲಿ ಗಾಯ ಉಳಿಸಬಹುದು. ಅದು ಎಷ್ಟೋ ವರ್ಷಗಳ ಮೇಲೆ ಉಬ್ಬಸವಾಗಿ ತೋರಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಸುಣ್ಣದ ಅಂಶ ಕೂಡಿ ಕವಾಟ ಗಡುಸಾಗುವುದು ಮತ್ತೊಂದು ಕಾರಣ.

ಮೊದಲು ಎಕೋ ಪರೀಕ್ಷೆ

ಮರ್ಮರದ ಮೂಲವನ್ನು ತಿಳಿಸುವ ಪರೀಕ್ಷೆಗೆ ಎಕೋ ಎಂದು ಹೆಸರು. ಸ್ವೀಡನ್ನಿನಲ್ಲಿ 1953ರಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬಿಬ್ಬರು ಇದಕ್ಕೆ ಅಡಿಪಾಯ ಹಾಕಿದರು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗಿನಂತೆ ಇದೂ ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ನಡೆಯುತ್ತದೆ. ಸೂಜಿಯಿಲ್ಲ, ನೋವಿಲ್ಲ, ಸಾಮಾನ್ಯವಾಗಿ ಒಂದು ಗಂಟೆಯೊಳಗಿನ ಕೆಲಸ. ಯಾವ ಕವಾಟ, ಸೋರುತ್ತಿದೆಯೋ ಕಿರಿದಾಗಿದೆಯೋ, ಎಷ್ಟರಮಟ್ಟಿಗೆ ಎಂಬುದು ಇದರಿಂದ ತಿಳಿಯುತ್ತದೆ. ಇಸಿಜಿ ಸರಿಯಾಗಿದೆ ಎಂದ ಮಾತ್ರಕ್ಕೆ ಕವಾಟವೂ ಸರಿಯಿದೆಯೆಂದು ಅರ್ಥವಲ್ಲ. ವೈದ್ಯರು ಎಕೋ ಮಾಡಿಸಿ ಎಂದು ಬರೆದುಕೊಟ್ಟರೆ ಅದನ್ನು ಕೊಯ್ಲಿನ ಆಚೆಗೆ ತಳ್ಳಬೇಡಿ. ಒಂದು ದಿನ ಆಳುಗಳು ತಾವಾಗಿಯೇ ಕೆಲಸ ಮಾಡಿಕೊಂಡರೆ ತೋಟ ಮುಳುಗುವುದಿಲ್ಲ.

ವೈದ್ಯರಲ್ಲಿಗೆ ಇಬ್ಬರೂ ಹೋಗಬೇಕು. ಹೃದಯದ ಮಾತು ಬಂದಾಗ ರೋಗಿಯ ಕಿವಿಗೆ ಅರ್ಧ ಮಾತು ಬೀಳುವುದೇ ಇಲ್ಲ. ಜೊತೆಯಲ್ಲಿದ್ದವರು ಒಂದು ಪುಸ್ತಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಕೇಳಬೇಕಾದ ಪ್ರಶ್ನೆಗಳು ಇಷ್ಟು: ಇದು ನಿರಪಾಯವೋ, ಕವಾಟದ ದೋಷವೋ? ದೋಷವಾದರೆ ಅಲ್ಪವೋ, ಮಧ್ಯಮವೋ, ತೀವ್ರವೋ? ಯಾವ ಕೆಲಸ ಮಾಡಬಹುದು, ಯಾವುದು ಬೇಡ? ಮತ್ತೆ ಯಾವಾಗ ತೋರಿಸಬೇಕು? ಹಲ್ಲು ಕೀಳಿಸುವ ಮೊದಲು ಔಷಧಿ ಬೇಕೆ? ವಯಸ್ಸು ಚಿಕ್ಕದಾದರೆ, ಮಕ್ಕಳಾಗುವುದಕ್ಕೆ ಮೊದಲು ಏನು ನೋಡಿಕೊಳ್ಳಬೇಕು? ಈ ಕೊನೆಯ ಪ್ರಶ್ನೆಗೆ ಸಂಕೋಚ ಸಲ್ಲದು. ಕವಾಟ ಕಿರಿದಾಗಿದ್ದರೆ ಬಸಿರಿನಲ್ಲಿ ಹೃದಯದ ಹೊರೆ ಬಹಳ ಹೆಚ್ಚುತ್ತದೆ. ಮೊದಲೇ ತಿಳಿದರೆ ದಾರಿಗಳಿವೆ.

ಮನೆಯಲ್ಲಿ, ತೋಟದಲ್ಲಿ

ಅಡಿಕೆ ಸುಲಿತದ ದಿನಗಳಲ್ಲಿ ಮನೆಯಾಕೆಯ ಕೆಲಸ ಎಷ್ಟೆಂದು ನಿಮಗೆ ಹೇಳಬೇಕಾಗಿಲ್ಲ. ಆಳುಗಳ ಕಾಫಿ, ತಿಂಡಿ, ಊಟ, ಹಂಡೆಯ ಒಲೆ, ಅಂಗಳದ ಹರವು, ಕೊಟ್ಟಿಗೆ, ಎಲ್ಲವೂ ಆಕೆಯ ತಲೆಯ ಮೇಲೆಯೇ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೂ "ವಯಸ್ಸಾಯಿತಲ್ಲ" ಎಂದು ಹೇಳಿ ನಕ್ಕುಬಿಡುತ್ತಾರೆ. ಗಂಡಸರೂ ಕಡಿಮೆಯಿಲ್ಲ. ದರೆ ಹತ್ತುವಾಗ ಕಣ್ಣು ಕತ್ತಲೆ ಬಂದದ್ದನ್ನು ಮನೆಯಲ್ಲಿ ಹೇಳದೆ ಬೋರ್ಡೋ ಹೊಡೆಸಲು ಹೊರಡುತ್ತಾರೆ. ಆದ್ದರಿಂದ ಗಮನಿಸುವ ಕೆಲಸ ಜೊತೆಗಾರರದು. ಕಳೆದ ವರ್ಷ ನಿಲ್ಲದೆ ಹತ್ತುತ್ತಿದ್ದ ಏರಿನಲ್ಲಿ ಈ ವರ್ಷ ಎಷ್ಟು ಸಲ ನಿಲ್ಲುತ್ತಾರೆ? ಮಲಗಲು ದಿಂಬು ಒಂದು ಸಾಕೋ, ಎರಡು ಬೇಕೋ? ಸಂಜೆ ಪಾದ ಊದಿರುತ್ತದೆಯೋ? ಇದನ್ನು ವೈದ್ಯರಿಗೆ ಹೇಳಿದರೆ ಅವರಿಗೆ ಬಹಳ ಉಪಕಾರ.

ಕೆಲಸದ ಹೊರೆ ಇಳಿಸುವಾಗ ವೈದ್ಯರು ಹೇಳಿದಷ್ಟನ್ನೇ ಇಳಿಸಿ. ಮರ್ಮರ ನಿರಪಾಯವೆಂದು ತಿಳಿದ ಮೇಲೆ ಆಕೆ ಎಂದಿನಂತೆಯೇ ಇರಬಹುದು. ಆಗಲೂ ಕೈ ಹಿಡಿದು ತಡೆಯುವುದು ಆಕೆಯ ಮನಸ್ಸನ್ನು ಕುಗ್ಗಿಸುತ್ತದೆ. ದೋಷವಿದ್ದರೆ ಹಂಡೆ ಎತ್ತುವ, ಮೂಟೆ ಹೊರುವ ಕೆಲಸಗಳನ್ನು ಮಾತಿಲ್ಲದೆ ಬೇರೆಯವರಿಗೆ ವಹಿಸಿ, ಲೆಕ್ಕ, ಮೇಲ್ವಿಚಾರಣೆ ಮೊದಲಾದವನ್ನು ಆಕೆಯ ಕೈಯಲ್ಲಿಯೇ ಇರಿಸಿ. ಹಾಗೆಯೇ ವಿಷಯವನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಆಕೆಯನ್ನು ಕೇಳಿಯೇ ನಿರ್ಧರಿಸಿ. ಮದುವೆಮನೆಯಲ್ಲಿ ನಾಲ್ಕು ಜನ ಸುತ್ತ ನಿಂತು "ಅಯ್ಯೋ ಪಾಪ" ಎನ್ನುವುದು ಯಾವ ಔಷಧಿಯೂ ಅಲ್ಲ.

ರುಮ್ಯಾಟಿಕ್ ಕಾಯಿಲೆಯೆಂದು ಗೊತ್ತಾದವರಿಗೆ 3 ಅಥವಾ 4 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ನನ್ನು ವರ್ಷಗಟ್ಟಲೆ ಕೊಡುವುದುಂಟು. ಹುಷಾರಾಗಿದ್ದೇವೆಂದು ಇದನ್ನು ಬಿಡಬಾರದು. ಗೋಡೆಯ ಪಂಚಾಂಗದಲ್ಲಿ ತಾರೀಖು ಗುರುತು ಹಾಕಿಡಿ. ಕೃತಕ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ಅಂಥವರಿಗೆ ಮೆಟ್ಟುಗತ್ತಿಯ ಸಣ್ಣ ಗಾಯವೂ ಹೆಚ್ಚು ರಕ್ತ ಸುರಿಸೀತು. ನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧಿಯನ್ನಾಗಲಿ ವೈದ್ಯರನ್ನು ಕೇಳದೆ ಕೊಡಬಾರದು. ಇನ್ನು ಹಲ್ಲಿನ ವಿಷಯ. ಕೆಟ್ಟ ಹಲ್ಲು ಮತ್ತು ವಸಡಿನಿಂದ ರೋಗಾಣುಗಳು ರಕ್ತಕ್ಕೆ ಸೇರಿ ಕೆಟ್ಟ ಕವಾಟದಲ್ಲಿ ನೆಲೆಯೂರಬಹುದು. ನಾವು ಅಡಿಕೆ ಬೆಳೆಯುವವರಾದರೂ ಹೇಳಲೇಬೇಕಾದ ಮಾತು: ಕವಳದ ಚಟ, ಅದರಲ್ಲೂ ಹೊಗೆಸೊಪ್ಪು, ಇಂಥವರಿಗೆ ಬೇಡ.

ಖರ್ಚಿನ ಚಿಂತೆ

ಮರ್ಮರವಿರುವ ಅನೇಕರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ತೋರಿಸಿದರೆ ಸಾಕು. ಬೇಕಾದರೂ ಈಗ ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಬಲೂನು ಕಳಿಸಿ ಕಿರಿದಾದ ಕವಾಟವನ್ನು ಹಿಗ್ಗಿಸುವ ವಿಧಾನವುಂಟು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಹೃದಯದ ಎಲ್ಲ ಬಗೆಯ ಪರೀಕ್ಷೆ, ಚಿಕಿತ್ಸೆಗಳಿವೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ನಮ್ಮ ದೇಶದಲ್ಲಿಯೇ ಕೃತಕ ಕವಾಟ ತಯಾರಿಸಿ 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದರು.

ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದೊಂದಿಗೆ ಸೇರಿಸಲಾಗಿತ್ತು. 2022ರಲ್ಲಿ ಸರ್ಕಾರ ಅದನ್ನು ಮತ್ತೆ ಆರಂಭಿಸಿತು. ಇದರ ನೋಂದಣಿಗೆ ನಿಗದಿಯಾದ ಅವಧಿಯಿರುತ್ತದೆ. ಕಾಯಿಲೆ ಬಂದ ಮೇಲೆ ಕಚೇರಿಗೆ ಓಡಿ ಬಂದರೆ ಅವಧಿ ಮುಗಿದಿರಬಹುದು. ಸದಸ್ಯರು ಕುಟುಂಬದ ಎಲ್ಲರ ಹೆಸರನ್ನೂ ಸಕಾಲದಲ್ಲಿ ಸೇರಿಸಿ, ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ತಡಮಾಡಬಾರದ ಲಕ್ಷಣಗಳು

ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಶ್ರಮಪಟ್ಟಾಗ ಎದೆನೋವು ಅಥವಾ ಎಚ್ಚರ ತಪ್ಪುವುದು, ಕೆಮ್ಮಿದಾಗ ರಕ್ತ, ನಿಲ್ಲದ ಎದೆಬಡಿತ, ಮಾತು ತೊದಲಿ ಒಂದು ಕೈಕಾಲು ಸೋಲುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ, ಇಲ್ಲವೆ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಕವಾಟದ ದೋಷವಿರುವವರಿಗೆ ಕಾರಣ ತಿಳಿಯದ ಜ್ವರ ಕೆಲವು ದಿನ ಬಿಡದಿದ್ದರೆ, ಮರ್ಮರದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಎಕೋ ವರದಿಯನ್ನೂ ಔಷಧಿ ಚೀಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿ, ಅದು ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೂ ತಿಳಿಸಿಡಿ. ತೋಟದ ಮನೆಗಳು ಊರಿನಿಂದ ದೂರ. ರಾತ್ರಿ ಹೊತ್ತಿನಲ್ಲಿ ಆ ಚೀಲ ಹುಡುಕುವುದರಲ್ಲಿ ಹೊತ್ತು ಕಳೆಯಬಾರದು.

ಸದಸ್ಯರಲ್ಲಿ ಯಾರ ಮನೆಯಲ್ಲಾದರೂ ಈ ಮಾತು ಕೇಳಿಬಂದು ಪರೀಕ್ಷೆ ಇನ್ನೂ ಬಾಕಿಯಿದ್ದರೆ, ಈ ಸಂಚಿಕೆಯನ್ನು ಮಡಿಸಿಡುವ ಮೊದಲು ಹೋಗುವ ದಿನವನ್ನು ಇಬ್ಬರೂ ಕುಳಿತು ಗೊತ್ತುಮಾಡಿಕೊಳ್ಳಬೇಕೆಂದು ವಿನಂತಿ.

ಕಾರ್ಯದರ್ಶಿ