ಮಗುವಿದ್ದವರಿಗೂ ಐವಿಎಫ್ ಉಂಟೇ?

ನಮಗೆ ಒಬ್ಬ ಮಗಳಿದ್ದಾಳೆ. ಎರಡನೆಯದು ನಿಲ್ಲುತ್ತಿಲ್ಲ. ಮಗುವಿರುವವರೂ ಬಂಜೆತನದ ಚಿಕಿತ್ಸೆ ಪಡೆಯುವುದು ಸರಿಯೇ?
– ಓದುಗರು, ಸುಗಟೂರು

ಒಮ್ಮೆ ಹೆತ್ತವರಿಗೆ ಮತ್ತೆ ಗರ್ಭ ನಿಲ್ಲದಿರುವುದು ಅಪರೂಪವೇನಲ್ಲ. ನಿಮ್ಮ ಕೋಲಾರದ ಕಡೆಯ ಕೆರೆಗಳನ್ನೇ ನೋಡಿ. ಒಮ್ಮೆ ಕೋಡಿ ಹರಿದ ಕೆರೆಗೂ ರಾಜಕಾಲುವೆಯಲ್ಲಿ ಹೂಳು ತುಂಬಿದರೆ ಮುಂದೆ ನೀರು ಬರುವುದಿಲ್ಲ. ಹೆರಿಗೆಯ ನಂತರದ ಸೋಂಕಿನಿಂದ ಅಂಡನಾಳ ಮುಚ್ಚಿಕೊಂಡರೂ ಹಾಗೆಯೇ, ಅಂಡಾಣು ಮತ್ತು ವೀರ್ಯಾಣು ಸಂಧಿಸುವುದಿಲ್ಲ. ಐವಿಎಫ್‌ನಲ್ಲಿ ಅಂಡಾಣುವನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಡನೆ ಸೇರಿಸಿ, ಬೆಳೆದ ಭ್ರೂಣವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುತ್ತಾರೆ. ಹೆಚ್ಚಿದ ವಯಸ್ಸು, ಗಂಡನ ವೀರ್ಯಾಣು ಕೊರತೆಯೂ ಕಾರಣವಿರಬಹುದು (ಪರೀಕ್ಷೆಗೆ ಹಿಂಜರಿಯುವವರು ಹೆಚ್ಚಾಗಿ ಗಂಡಸರೇ!).

ಈ ಚಿಕಿತ್ಸೆಗೆ 2021ರ ಕಾಯ್ದೆ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷದ ಮಿತಿ ಹಾಕಿದೆ; ಮಗುವಿರಬಾರದು ಎಂದಿಲ್ಲ. ಆ ನಿರ್ಬಂಧ ಇರುವುದು ಬಾಡಿಗೆ ತಾಯ್ತನಕ್ಕೆ. ಅಲ್ಲೊಂದು ವಿಚಿತ್ರ: ಮಗು ಬಯಸುವ ದಂಪತಿಗೆ ಸಾಮಾನ್ಯವಾಗಿ ಬದುಕಿರುವ ಮಗುವಿರಬಾರದು, ಹೊತ್ತು ಕೊಡುವವಳಿಗೆ ಸ್ವಂತ ಮಗು ಇರಲೇಬೇಕು.

ಎರಡನೆಯದು ಬೇಕೆನ್ನುವುದು ದುರಾಸೆಯಲ್ಲ. ಗಂಡು ಭ್ರೂಣವನ್ನೇ ಆರಿಸಿ ಕೊಡಿ ಎಂದರೆ ಮಾತ್ರ ಲಿಂಗ ಆಯ್ಕೆ ನಿಷೇಧ ಕಾಯ್ದೆಯಡಿ ಅಪರಾಧ. ಚಿಕಿತ್ಸೆಯ ಖರ್ಚಿಗೆಂದು ಮಗಳ ಪಾಲಿನ ಜಮೀನನ್ನು ಅಡವಿಡುವ ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ.