ಹೊಳೆಯ ಮೀನು, ಜಪಾನಿನ ಅಡುಗೆ

ಹೋದ ತಿಂಗಳು ಸವದತ್ತಿ ಕಡೆಯ ತಾಯಿಯೊಬ್ಬರು ಬಿ.ಪಿ. ತೋರಿಸಲು ಬಂದಿದ್ದರು. ಹೋಗುವ ಮುನ್ನ ಸಂಕೋಚದಿಂದಲೇ ಕೇಳಿದರು: ‘ಡಾಕ್ಟರ್ರ, ಮಗಾ ಬೆಂಗಳೂರಿಂದ ಬಂದಾನ್ರಿ. ಡ್ಯಾಮಿನ ಮೀನಾ ಹಸೇದ ಕೊಯ್ದು ಅನ್ನದ ಮ್ಯಾಲಿಟ್ಟು ತಿನ್ನೂಣು, ಜಪಾನದವ್ರು ಹಂಗ ತಿಂತಾರ ಅಂತಾನ. ನಡೀತೈತೇನ್ರಿ?’

‘ಬ್ಯಾಡ್ರೀ’ ಎಂದೆ. ಕಾರಣ ಎಲ್ಲರಿಗೂ ತಿಳಿದಿರಲಿ.

ಜಪಾನೀಯರು ಹಸಿ ಮೀನು ತಿನ್ನುವುದು ನಿಜ. ತೆಳ್ಳಗೆ ಕೊಯ್ದ ಹಸಿ ಮೀನಿಗೆ ಸಾಶಿಮಿ ಎನ್ನುತ್ತಾರೆ. ಸುಶಿ ಎಂದರೆ ವಿನೆಗರ್ ಬೆರೆಸಿದ ಅನ್ನದ ತಿನಿಸು. ಅದರಲ್ಲಿ ಬೇಯಿಸಿದ ಸೀಗಡಿ, ಮೊಟ್ಟೆ, ಸೌತೆಕಾಯಿಯೂ ಇರುತ್ತವೆ. ಅವರು ಹಸಿಯಾಗಿ ತಿನ್ನುವುದು ಹೆಚ್ಚಾಗಿ ಸಮುದ್ರದ ಮೀನನ್ನು. ನವಿಲುತೀರ್ಥದ ಜಲಾಶಯದ, ಮಲಪ್ರಭೆಯ ಕಟ್ಲಾ, ರೋಹು ಸಿಹಿನೀರಿನ ಮೀನುಗಳು. ಸಿಹಿನೀರಿನ ಮೀನಿನ ಮಾಂಸದಲ್ಲಿ ಹುಳುಗಳ ಮರಿಗಳು ಅಡಗಿರಬಹುದು. ಹಸಿಯಾಗಿ ತಿಂದರೆ ಅವುಗಳಲ್ಲಿ ಕೆಲವು ನಮ್ಮ ಕರುಳು, ಯಕೃತ್ತುಗಳಲ್ಲಿ ನೆಲೆಸುತ್ತವೆ.

ಸಮುದ್ರದ ಮೀನಿನಲ್ಲೂ ಅನಿಸಾಕಿಸ್ ಎಂಬ ಹುಳು ಇರುತ್ತದೆ. ಅದು ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ತಡೆಯಲಾರದ ನೋವು ಬರಬಹುದು. ಈ ಹುಳು ಸಾಯಲು ಮೀನನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ 7 ದಿನ ಇಡಬೇಕು. ಮನೆಯ ಫ್ರಿಜ್ಜಿನಲ್ಲಿ ಅಷ್ಟು ಚಳಿ ಸಿಗುವುದು ಅಪರೂಪ. ಕರೆಂಟು ಹೋದರಂತೂ ಮುಗಿಯಿತು. ನಿಂಬೆರಸ, ವಿನೆಗರ್, ಖಾರ ಯಾವುದರಿಂದಲೂ ಹುಳು ಸಾಯುತ್ತದೆಂದು ನಂಬಬೇಡಿ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ಆದರೆ ಬೇಯಿಸಿದರೂ ಹೋಗದ ಒಂದು ವಿಷವಿದೆ. ನಮ್ಮ ಕಡೆ ಬಾಂಗಡಾ ಎನ್ನುವ ಬಂಗುಡೆ, ಟ್ಯೂನಾದಂಥ ಮೀನುಗಳು ಕರಾವಳಿಯಿಂದ ಘಟ್ಟ ಹತ್ತಿ ಬರಬೇಕು. ದಾರಿಯಲ್ಲೋ ಸಂತೆಯಲ್ಲೋ ಐಸ್ ಕರಗಿದರೆ ರೋಗಾಣುಗಳು ಮೀನಿನಲ್ಲಿ ಹಿಸ್ಟಮಿನ್ ಎಂಬ ವಸ್ತುವನ್ನು ಹುಟ್ಟಿಸುತ್ತವೆ. ಕುದಿಸಿದರೂ ಕರಿದರೂ ಅದು ನಾಶವಾಗದು. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಎದೆಬಡಿತ, ವಾಂತಿ ಕಾಣಿಸುತ್ತವೆ. ಇದನ್ನು ‘ಮೀನು ಒಗ್ಗುವುದಿಲ್ಲ’ ಎಂದು ಸುಮ್ಮನಿರುವವರು ಬಹಳ. ಉಸಿರಾಟಕ್ಕೆ ತೊಂದರೆಯಾದರೆ, ನಾಲಿಗೆ-ತುಟಿ ಊದಿದರೆ, ತಲೆ ಸುತ್ತಿ ಬಿದ್ದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆದ್ದರಿಂದ ಐಸಿನಲ್ಲಿಟ್ಟ ಮೀನನ್ನೇ ಕೊಳ್ಳಿ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ತಾನೇ ಮುಚ್ಚಿಕೊಳ್ಳಬೇಕು. ಸಂತೆಯ ಕೆಲಸವೆಲ್ಲ ಮುಗಿದ ಮೇಲೆ ಕೊನೆಗೆ ಮೀನು ಕೊಂಡು ನೇರ ಮನೆಗೆ ಬನ್ನಿ. ಅಂದೇ ಅಡುಗೆ ಮಾಡಿ. ಮೀನು ಕೊಯ್ದ ಚಾಕು, ಮಣೆಗಳನ್ನು ಸೋಪಿನಿಂದ ತೊಳೆಯದೆ ಸೌತೆಕಾಯಿ, ಉಳ್ಳಾಗಡ್ಡಿ ಹೆಚ್ಚಬೇಡಿ.

ಹಾಗಾದರೆ ಮಗನ ಆಸೆ? ಜಪಾನಿನ ಮನೆಗಳಲ್ಲಿ ದಿನನಿತ್ಯ ಬೇಯಿಸಿದ ಮೀನೂ ಇರುತ್ತದೆ. ಅರ್ಧ ಕಿಲೋ ಬಂಗುಡೆ ಸ್ವಚ್ಛ ಮಾಡಿ. ಒಂದು ಬಟ್ಟಲು ನೀರಿಗೆ ಹಸಿಶುಂಠಿಯ ಬಿಲ್ಲೆಗಳು, 2 ದೊಡ್ಡ ಚಮಚ ಸೋಯಾ ಸಾಸ್, 1 ಚಮಚ ಸಕ್ಕರೆ ಹಾಕಿ ಕುದಿಸಿ. ಮೀನು ಹಾಕಿ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 10-15 ನಿಮಿಷ ಬೇಯಿಸಿ. ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಸಲೀಸಾಗಿ ಬಿಡಬೇಕು. ಎಣ್ಣೆಯ ಹನಿಯೂ ಬೇಡ. ಬಿಸಿ ಅನ್ನದ ಜೊತೆ ಬಡಿಸಿ.

ಬೇರೆ ಉಪ್ಪು ಹಾಕಬೇಡಿ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲೇ ಸುಮಾರು 2 ಗ್ರಾಂ ಉಪ್ಪಿರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿ.ಪಿ., ಮೂತ್ರಪಿಂಡದ ತೊಂದರೆ ಇರುವವರು ಮೀನು ತಿಂದು ರಸ ಬಿಡುವುದು ಒಳ್ಳೆಯದು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಯಕೃತ್ತಿನ ಕಾಯಿಲೆ ಇರುವವರು ಪಟ್ಟಣದ ಹೋಟೆಲಿನಲ್ಲೂ ಹಸಿ ಮೀನು ಮುಟ್ಟಬಾರದು.

ಆ ತಾಯಿಗೆ ಈ ಅಡುಗೆಯನ್ನೇ ಚೀಟಿಯ ಹಿಂದೆ ಬರೆದುಕೊಟ್ಟೆ. ಮುಂದಿನ ಸಲ ಬಂದಾಗ ಹೇಳಿದರು: ‘ಮಗಾ ಎರಡು ಸಲ ಹಾಕಿಸ್ಕೊಂಡಾನ್ರಿ. ನನಗ ಮಾತ್ರ ಖಾರ ಇರಲಿಲ್ಲಂತ ಸಪ್ಪಗ ಅನಿಸ್ತು.’ ಹಸಿಮೆಣಸಿನಕಾಯಿ ಎರಡು ಸೀಳಿ ಹಾಕಲು ನನ್ನ ಅಡ್ಡಿಯೇನೂ ಇಲ್ಲ.